ಥೀಸಿಸ್ ಮುಗೀತು, ಅಪ್‌ಲೋಡ್ ಬಾಕಿ

ಥೀಸಿಸ್ ಬರೆಯೋದು ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ಬರೆದದ್ದನ್ನು ಆನ್‌ಲೈನ್ ಭಂಡಾರಕ್ಕೆ ಸೇರಿಸೋದರ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ವೈವಾ ಮುಗಿದು, ಎಲ್ಲರೂ ಕೈಕುಲುಕಿ, ‘ಇನ್ನೇನು, ಡಾಕ್ಟರ್ ಆದ ಹಾಗೇ’ ಅಂದಮೇಲೆ ಒಂದು ಮೇಲ್ ಬರುತ್ತದೆ: ಅಂತಿಮ ಪ್ರತಿ ಅಪ್‌ಲೋಡ್ ಆದಮೇಲೆಯೇ ಪದವಿ.

ನನ್ನ ಹತ್ತಿರ ಪಿಡಿಎಫ್ ಇತ್ತು. ಅವರಿಗೆ ಬೇಕಾದದ್ದು ಪಿಡಿಎಫ್/ಎ. 2005ರಲ್ಲಿ ಐಎಸ್ಒ ಹೊರತಂದ ಮಾನದಂಡ ಇದು. ಎಷ್ಟು ವರ್ಷ ಕಳೆದರೂ ಫೈಲು ಇವತ್ತು ಕಂಡ ಹಾಗೇ ಕಾಣಬೇಕಂತೆ. ಒಳ್ಳೇದೇ, ನನ್ನ ಥೀಸಿಸ್ಸನ್ನು ಅಷ್ಟು ವರ್ಷ ಆದಮೇಲೆ ಯಾರು ತೆಗೆದು ನೋಡುತ್ತಾರೆ ಅನ್ನೋದು ಬೇರೆ ಮಾತು. ಅದಕ್ಕಾಗಿ ಬಳಸಿದ ಫಾಂಟೆಲ್ಲ ಫೈಲಿನ ಒಳಗೇ ಇರಬೇಕು. ಪಾಸ್‌ವರ್ಡ್ ಇರಬಾರದು. ಮೊದಲ ಆವೃತ್ತಿಯ ಪ್ರಕಾರ ಬಣ್ಣಗಳು ಪಾರದರ್ಶಕ ಆಗಿರಲೂಬಾರದು.

ನನ್ನ ಮೂರನೇ ಅಧ್ಯಾಯದಲ್ಲಿ ಒಂದು ಗ್ರಾಫ್ ಇದೆ. ತೆಳು ನೀಲಿ, ಅದರ ಮೇಲೆ ತೆಳು ಕಿತ್ತಳೆ, ಎರಡೂ ಸೇರುವ ಕಡೆ ಮೂರನೇ ಬಣ್ಣ. ಪರೀಕ್ಷಕರು ‘ಚೆನ್ನಾಗಿದೆ’ ಅಂದ ಏಕೈಕ ಚಿತ್ರ. ತಪಾಸಣೆಯ ತಂತ್ರಾಂಶ ಅದನ್ನೇ ಹಿಡಿದು ಹಾಕಿತು. ಪಾರದರ್ಶಕತೆ ತೆಗೆದರೆ ಕಿತ್ತಳೆ ಬಣ್ಣ ನೀಲಿಯನ್ನು ಪೂರ್ತಿ ನುಂಗಿಬಿಟ್ಟಿತು. ಆ ಗ್ರಾಫ್ ನಂಬಿದರೆ ನನ್ನ ಸಂಶೋಧನೆಯ ಅರ್ಧ ಭಾಗ ನಡೆದೇ ಇಲ್ಲ. ತಂತ್ರಾಂಶಕ್ಕೆ ಈಗ ಭಾರಿ ಸಮಾಧಾನ: ‘ದೋಷವಿಲ್ಲ.’ ಬಣ್ಣ ಬಿಟ್ಟು ಗೆರೆಗಳಲ್ಲಿ ಮತ್ತೆ ಬರೆದೆ.

ಆಮೇಲೆ ಇನ್ನೊಂದು ಗೋಳು. ಎಲ್ಲೋ ಒಂದು ಬಾಣದ ಗುರುತಿನ ಫಾಂಟ್ ಒಳಗೆ ಸೇರಿಲ್ಲ. ಎಲ್ಲಿ ಅಂತ ಹೇಳೋ ಸೌಜನ್ಯ ಅದಕ್ಕಿಲ್ಲ. ಆ ಬಾಣ ಹುಡುಕುತ್ತಾ ನನ್ನದೇ ಥೀಸಿಸ್ಸನ್ನು ಮೊದಲಿಂದ ಕೊನೆತನಕ ಓದಿದೆ. ನಮ್ಮ ಗೈಡ್ ಕೂಡ ಅಷ್ಟು ಶ್ರದ್ಧೆಯಿಂದ ಓದಿರಲಿಕ್ಕಿಲ್ಲ. ಕೊನೆಯ ಅನುಬಂಧದ ಒಂದು ಕೋಷ್ಟಕದಲ್ಲಿ ಸುಮ್ನೆ ಮಲಗಿತ್ತು.

ಇನ್ನು ಫಾರ್ಮು. ಆರ್ಕಿಡ್ ಸಂಖ್ಯೆ ಕೊಡಿ ಅಂದಿತು. ಸಂಶೋಧಕರ ಗುರುತಿಗೆ ಕೊಡುವ 16 ಅಕ್ಷರಗಳ ಸಂಖ್ಯೆ ಅದು. ಕೊನೆಯದು ಒಂದೊಂದು ಸಲ ಅಂಕಿ ಬದಲು ‘ಎಕ್ಸ್’ ಬರುತ್ತದೆ. ನನಗೆ ಬಂದದ್ದು ಅದೇ. ಫಾರ್ಮು ಕೆಂಪಗಾಗಿ ‘ಅಂಕಿ ಮಾತ್ರ ಹಾಕಿ’ ಅಂತು. ಖಾಲಿ ಬಿಟ್ಟೆ, ತೆಪ್ಪಗೆ ಮುಂದೆ ಹೋಯಿತು.

ವಿಷಯದ ಪಟ್ಟಿಯಲ್ಲಿ ನನ್ನ ವಿಷಯವೇ ಇರಲಿಲ್ಲ. ಇದುವರೆಗೆ ಯಾರೂ ಮುಟ್ಟದ ಕ್ಷೇತ್ರ ಅಂತ ಪೀಠಿಕೆಯಲ್ಲಿ ಕೊಚ್ಚಿಕೊಂಡವರಿಗೆ ಅಲ್ಲಿ ಸಿಗೋ ಜಾಗ ‘ಇತರೆ’.

ಕೊನೆಗೆ ಲೈಸೆನ್ಸ್. ಉದ್ದದ ಒಪ್ಪಂದ, ಕೆಳಗೆ ‘ಪೂರ್ತಿ ಓದಿ ಒಪ್ಪಿದ್ದೇನೆ’ ಅನ್ನೋ ಚೌಕ. ಪೂರ್ತಿ ಓದಿದೆ. ಅಷ್ಟರಲ್ಲಿ ಲಾಗಿನ್ ಅವಧಿ ಮುಗಿದು, ತುಂಬಿದ್ದೆಲ್ಲ ಹೋಯಿತು. ಎರಡನೇ ಸಲ ಓದದೇ ಒಪ್ಪಿದೆ. ತಕ್ಷಣ ಸ್ವೀಕಾರ ಆಯಿತು.

ಇದರಿಂದ ಲೇಖನಗಳು ಬರಬೇಕು, ಈಗಲೇ ಎಲ್ಲರಿಗೂ ತೋರಿಸಬೇಡ ಅಂತ ಗೈಡ್ ಹೇಳಿದ್ದರಿಂದ ಎರಡು ವರ್ಷದ ನಿರ್ಬಂಧ ಹಾಕಿದ್ದೆ. ಲಿಂಕ್ ಬಂತು. ಆಸೆಯಿಂದ ತೆರೆದರೆ ಹೆಸರು, ಸಾರಾಂಶ, ಪಕ್ಕದಲ್ಲೊಂದು ಬೀಗದ ಚಿತ್ರ. ಕೆಳಗೆ ‘ಪ್ರತಿಗಾಗಿ ಕೋರಿಕೆ ಸಲ್ಲಿಸಿ’. ಏನಾಗುತ್ತೋ ನೋಡೋಣ ಅಂತ ಒತ್ತಿದೆ. ಕೂಡಲೇ ಲೇಖಕರಿಗೆ, ಅಂದರೆ ನನಗೇ ಮೇಲ್ ಬಂತು: ಈ ವ್ಯಕ್ತಿ ನಿಮ್ಮ ಥೀಸಿಸ್ ಕೇಳುತ್ತಿದ್ದಾರೆ, ಕೊಡಬಹುದೇ?

ಕೇಳಿದ ಕಾರಣ ಬರೆದಿರಲಿಲ್ಲ. ಬೇಡ ಅಂದೆ.