ಆಯ್ಕೆಯಾಗದ ಮೇಲೂ ಆಡುವುದು

ಟೋಕಿಯೊ ಒಲಿಂಪಿಕ್ಸ್‌ಗೆ ಹೊರಟ ನೆದರ್ಲೆಂಡ್ಸ್ ಮಹಿಳಾ ಹಾಕಿ ತಂಡದ ಪಟ್ಟಿಯಲ್ಲಿ 21 ವರ್ಷದ ಯಿಬ್ಬಿ ಯಾನ್ಸೆನ್ ಹೆಸರಿರಲಿಲ್ಲ. ಅಷ್ಟು ಹೊತ್ತಿಗಾಗಲೇ ಆಕೆ ದೇಶದ ಕಿತ್ತಳೆ ಅಂಗಿ ತೊಟ್ಟು ಆಡಿದ್ದಳು. ಆದರೆ ಎದುರಾಳಿಯ ತಪ್ಪಿನಿಂದ ಪೆನಾಲ್ಟಿ ಕಾರ್ನರ್ ಸಿಕ್ಕಾಗ ಡ್ರ್ಯಾಗ್ ಫ್ಲಿಕ್‌ಗೆ, ಅಂದರೆ ಚೆಂಡನ್ನು ಸ್ಟಿಕ್ಕಿನಿಂದ ಎಳೆದು ಗೋಲಿನತ್ತ ಚಿಮ್ಮುವ ಹೊಡೆತಕ್ಕೆ, ನಿಲ್ಲಲು ಅನುಭವಿ ಕಾಯಾ ಫಾನ್ ಮಾಸಾಕ್ಕರ್ ಇದ್ದರು. ತಂಡ ಈಕೆಯಿಲ್ಲದೆಯೇ ಚಿನ್ನ ಗೆದ್ದಿತು.

ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ನೆಲೆಸಿರುವ ಕೊಡಗಿನವನಾದ ನನಗೆ ಆಕೆಯ ಪದಕಗಳಿಗಿಂತ ಈ ನಿರಾಸೆಯ ನಂತರದ ದಿನಗಳ ಬಗ್ಗೆಯೇ ಹೆಚ್ಚು ಕುತೂಹಲ. ಇಲ್ಲಿನ ಕ್ಲಬ್ಬಾದ ಓರಾನ್ಯೆ-ರೋಡ್‌ನಲ್ಲಿ ಆಡಿ, ಬಳಿಕ ಬಿಲ್ತ್‌ಹೋವನ್‌ನ ಎಸ್‌ಸಿಎಚ್‌ಸಿ ಕ್ಲಬ್ ಸೇರಿದ್ದ ಆಕೆಗೆ, ರಾಷ್ಟ್ರೀಯ ತಂಡ ಕೈಬಿಟ್ಟರೂ ಭಾನುವಾರದ ಲೀಗ್ ಪಂದ್ಯಗಳು ಕೈಬಿಡಲಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 9 ಗೋಲು ಹೊಡೆದು ಮಹಿಳಾ ವಿಭಾಗದ ಅಗ್ರ ಗೋಲುಗಾರ್ತಿಯಾದಳು. ಫೈನಲ್‌ನಲ್ಲಿ ಚೀನಾ ಮುಂದಿದ್ದಾಗ ಕೊನೆಯ ಕ್ವಾರ್ಟರ್‌ನಲ್ಲಿ ಸಮಬಲದ ಗೋಲು ತಂದವಳೂ ಆಕೆಯೇ. ಶೂಟೌಟ್‌ನಲ್ಲಿ ಚಿನ್ನ ಬಂತು. ಆಕೆಯ ತಂದೆ ರೊನಾಲ್ಡ್ ಯಾನ್ಸೆನ್ 1996 ಮತ್ತು 2000ರ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದ ಡಚ್ ತಂಡದ ಗೋಲ್‌ಕೀಪರ್, ಮತ್ತು ಸಿಡ್ನಿಯ ಆ ಎರಡನೆಯ ಚಿನ್ನ ಕೂಡ ಪಂದ್ಯ ಸಮವಾದ ಮೇಲೆ, ಆಗಿನ ಪೆನಾಲ್ಟಿ ಸ್ಟ್ರೋಕ್‌ಗಳಲ್ಲಿ ತೀರ್ಮಾನವಾಗಿದ್ದು. ಗೋಲು ಕಾಯುವವನ ಮಗಳು ಗೋಲು ಹೊಡೆಯುವುದನ್ನೇ ಕಸುಬು ಮಾಡಿಕೊಂಡಳು!

ಅಪ್ಪನ ಹೆಸರು ನೆರವಾಗಿರಬಹುದು ಎನ್ನುವವರಿಗೆ ನಾನು ಶನಿವಾರ ಬೆಳಿಗ್ಗೆ ಇಲ್ಲಿನ ಯಾವುದಾದರೂ ಕ್ಲಬ್ಬಿಗೆ ಬಂದು ನೋಡಿ ಎನ್ನುತ್ತೇನೆ. ಏಳೆಂಟು ವರ್ಷದ ಮಕ್ಕಳು ಹಲ್ಲುಕವಚ ಕಚ್ಚಿಕೊಂಡು ಮೈದಾನದ ಒಂದು ತುಂಡಿನಲ್ಲಿ ಆರಾರು ಮಂದಿಯ ಪಂದ್ಯ ಆಡುತ್ತಿರುತ್ತಾರೆ. ಸೀಟಿ ಊದುವವರು ಯಾರದೋ ಅಪ್ಪ. ಕಳೆದ ಚಳಿಗಾಲದಲ್ಲಿ ನನಗೆ ಕ್ಯಾಂಟೀನಿನ ಪಾಳಿ ಬಿದ್ದಾಗ ಜೊತೆಯಲ್ಲಿ ಕಾಫಿ ಬಗ್ಗಿಸುತ್ತಿದ್ದ ಐವತ್ತು ದಾಟಿದ ಹೆಂಗಸು ಏಪ್ರನ್ ಬಿಚ್ಚಿಟ್ಟು, ಮೂಲೆಯಲ್ಲಿದ್ದ ಸ್ಟಿಕ್ ಎತ್ತಿಕೊಂಡು, ತಮ್ಮ ಪಂದ್ಯಕ್ಕೆ ಹೊತ್ತಾಯಿತೆಂದು ಹೊರಟೇಬಿಟ್ಟರು. ಇಲ್ಲಿ ಆಯ್ಕೆ ಸಮಿತಿ ಕೈಬಿಟ್ಟವರಿಗೂ, ಅದರ ಕಣ್ಣಿಗೇ ಬೀಳದವರಿಗೂ ಆಡಲು ಒಂದು ತಂಡವಿರುತ್ತದೆ.

ನಮ್ಮ ಕಡೆ ಹಾಗಿಲ್ಲ. ನನ್ನ ಚಿಕ್ಕಪ್ಪನ ಮಗಳು ರಾಜ್ಯ ಮಟ್ಟದವರೆಗೆ ಆಡಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದು ಶಿಬಿರಕ್ಕೆ ಆಯ್ಕೆಯಾಗದಿದ್ದಾಗ, ಮರುವಾರ ಎಲ್ಲಿ ಆಡಬೇಕೆಂಬುದೇ ತಿಳಿಯದೆ ಆಟ ಬಿಟ್ಟಳು. ಹಾಗೆಂದು ನಮ್ಮ ಕ್ರೀಡಾ ಹಾಸ್ಟೆಲುಗಳನ್ನು ಹಳಿಯಲಾರೆ. ಡಚ್ ಕ್ಲಬ್ಬುಗಳ ಶುಲ್ಕ ಕಟ್ಟುವುದು ಬಡವರ ಮಾತಲ್ಲ. ಗಾಡಿ ಎಳೆಯುವವರ ಮಗಳು ರಾಣಿ ರಾಂಪಾಲ್ ಭಾರತದ ನಾಯಕಿಯಾದದ್ದು ಇಂಥ ಶುಲ್ಕ ಕಟ್ಟಿ ಅಲ್ಲ. ಆದರೆ ಹಾಸ್ಟೆಲು ಆಯ್ಕೆಯಾದವಳನ್ನು ಸಾಕುತ್ತದೆಯೇ ಹೊರತು, ಬಿಟ್ಟುಹೋದವಳಿಗೆ ಭಾನುವಾರದ ಪಂದ್ಯ ಕೊಡುವುದಿಲ್ಲ.

2025ರ ಜನವರಿಯಲ್ಲಿ ನಡೆದ ಮೊದಲ ಮಹಿಳಾ ಹಾಕಿ ಇಂಡಿಯಾ ಲೀಗ್‌ಗೆ ಒಡಿಶಾ ವಾರಿಯರ್ಸ್ ತಂಡ ಯಿಬ್ಬಿಯನ್ನು 29 ಲಕ್ಷ ರೂಪಾಯಿಗೆ ಹರಾಜಿನಲ್ಲಿ ಕೊಂಡು, ಕಪ್ಪನ್ನೂ ಗೆದ್ದಿತು. ಹರಾಜಿನಲ್ಲಿ ಆಟಗಾರ್ತಿಯನ್ನು ಕೊಳ್ಳಬಹುದು, ಆಕೆಯನ್ನು ಕಾದು ಉಳಿಸಿಕೊಂಡ ವಾರವಾರದ ಪಂದ್ಯಗಳನ್ನಲ್ಲ.

ಸೋಜಿಗವೆಂದರೆ, ಆಯ್ಕೆಯ ಹಂಗಿಲ್ಲದೆ ಆಡುವುದು ಕೊಡಗಿಗೆ ತಿಳಿಯದ್ದೇನೂ ಅಲ್ಲ. 1997ರಿಂದ ನಡೆದುಬಂದಿರುವ ಕೊಡವ ಕೌಟುಂಬಿಕ ಹಾಕಿ ಹಬ್ಬದಲ್ಲಿ ಒಂದೊಂದು ಒಕ್ಕದ (ಮನೆತನದ) ತಂಡದಲ್ಲೂ ಅಜ್ಜ, ಸೊಸೆ, ಮೊಮ್ಮಗಳು ಒಟ್ಟಿಗೆ ಆಡಬಹುದು. ಆಟ ಬಿಟ್ಟ ಆ ನನ್ನ ತಂಗಿಯ ಸ್ಟಿಕ್ ಈಗ ಕಾಫಿ ಒಣಗಿಸುವ ಕಣದಲ್ಲಿ ಕೋಳಿ ಓಡಿಸಲು ಇದೆ. ಬೇಸಿಗೆಯಲ್ಲಿ ಹಬ್ಬ ಬಂದಾಗ ಅದನ್ನು ಒರೆಸಿ ಮೈದಾನಕ್ಕೆ ಒಯ್ಯುತ್ತಾಳೆ. ಮಳೆ ಹಿಡಿಯುವ ಹೊತ್ತಿಗೆ ಅದು ಮತ್ತೆ ಕಣದ ಮೂಲೆಗೆ ಬಂದಿರುತ್ತದೆ.