ನಮ್ಮ ಮನೆಯಲ್ಲಿ ಆರತಿಗೇ ಮೂವರು

ಇಂದು ಮಧ್ಯಾಹ್ನ ಜನಸಂಖ್ಯಾ ಅರ್ಥಶಾಸ್ತ್ರದ ಕಿರುಪರೀಕ್ಷೆಯ ಉತ್ತರ ಪತ್ರಿಕೆ ಕೈಗೆ ಬಂತು. ‘ಭಾರತದಲ್ಲಿ ಜನಸಂಖ್ಯಾ ಸ್ಫೋಟದ ಕಾರಣಗಳನ್ನೂ ಪರಿಹಾರೋಪಾಯಗಳನ್ನೂ ವಿವರಿಸಿ’ ಎಂಬ ಹತ್ತು ಅಂಕದ ಪ್ರಶ್ನೆಗೆ ನನಗೆ ದೊರೆತದ್ದು ನಾಲ್ಕು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಕೇಳಿದ್ದಕ್ಕೆ ಉತ್ತರಿಸಿ’ ಎಂಬ ಷರಾ. ಸೊಸೈಟಿಯ ಕೆಲಸ ಬಿಟ್ಟು, ಹನ್ನೆರಡು ವರ್ಷಗಳ ನಂತರ, ಅಕ್ಕನ ಮಗನ ವಾರಿಗೆಯ ಹುಡುಗರ ನಡುವೆ ಎಂ.ಎ. ಬೆಂಚಿನ ಮೇಲೆ ಕುಳಿತಿರುವ ನನ್ನ ಕಥೆ ನಿಮಗೆಲ್ಲ ಗೊತ್ತೇ ಇರುವುದರಿಂದ, ಈ ನಾಲ್ಕು ಅಂಕ ಎಲ್ಲಿ ಚುಚ್ಚಿತೆಂದು ಬಿಡಿಸಿ ಹೇಳಬೇಕಾಗಿಲ್ಲ.

ನಾನು ಬರೆದದ್ದು ಇಷ್ಟು: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಒಬ್ಬ ಮಹಿಳೆಗೆ ಸರಾಸರಿ 2.0 ಮಕ್ಕಳು, ಕರ್ನಾಟಕದಲ್ಲಿ 1.7. ಒಂದು ತಲೆಮಾರು ತನ್ನ ಜಾಗಕ್ಕೆ ಅಷ್ಟೇ ದೊಡ್ಡ ಇನ್ನೊಂದು ತಲೆಮಾರನ್ನು ಬಿಟ್ಟುಹೋಗಲು ಬೇಕಾದದ್ದು 2.1. ಅಂದಮೇಲೆ ‘ಸ್ಫೋಟ’ ಎಂಬ ಪದವನ್ನು ನಮ್ಮ ಪಠ್ಯ ಇನ್ನೂ ಯಾಕೆ ಹೊತ್ತು ತಿರುಗುತ್ತಿದೆ ಎಂದು ಕೇಳಿದ್ದೆ. ಗೈಡಿನಲ್ಲಿ ಈ ಪ್ರಶ್ನೆಗೆ ಸಿದ್ಧವಾದ ಉತ್ತರವೊಂದಿದೆ. ಅನಕ್ಷರತೆ, ಬಡತನ, ಬಾಲ್ಯವಿವಾಹ, ಮೂಢನಂಬಿಕೆ, ಗಂಡುಮಗುವಿನ ಹಂಬಲ ಎಂದು ಕಾರಣಗಳನ್ನು ಸಾಲಾಗಿ ಬರೆದು ಅಡಿಗೆರೆ ಎಳೆದವರಿಗೆಲ್ಲ ಎಂಟರ ಮೇಲೆ ಬಂದಿದೆ.

ಅಂಕದ ಮಾತು ಹಾಗಿರಲಿ. ಪತ್ರಿಕೆ ಹಂಚಿದ ಮೇಲೆ ನಮ್ಮ ಗುರುಗಳು ಆ ಪಾಠಕ್ಕೆ ಪ್ರತಿವರ್ಷವೂ ತಪ್ಪದೆ ಅಂಟಿಸುವ ಜೋಕನ್ನು ಹೇಳಿದರು. ‘ಹಿಂದೆ ಹಳ್ಳಿಗಳಲ್ಲಿ ರಾತ್ರಿ ಕರೆಂಟಿರಲಿಲ್ಲ, ಟಿವಿಯಿರಲಿಲ್ಲ, ಪಾಪ, ಜನ ಬೇರೇನು ಮಾಡಬೇಕಿತ್ತು?’ ತರಗತಿ ಹೊಟ್ಟೆ ಹಿಡಿದು ನಕ್ಕಿತು. ಗುರುಗಳು ಕೆಟ್ಟವರಲ್ಲ, ಊಟದ ನಂತರದ ಅವಧಿಯಲ್ಲಿ ನಲವತ್ತು ಜನರನ್ನು ಎಚ್ಚರವಾಗಿಡುವ ಕಷ್ಟ ನನಗೂ ಅರ್ಥವಾಗುತ್ತದೆ. ನನ್ನ ತಕರಾರು ಇರುವುದು ಆ ಜೋಕಿನೊಳಗೆ ಕುಳಿತಿರುವವರು ಯಾರು ಎಂಬುದರ ಬಗ್ಗೆ. ಜನಸಂಖ್ಯೆ ಎಂದಾಗಲೆಲ್ಲ ನಾವು ಎಣಿಸುವುದು ಬೇರೆಯವರ ಮನೆಯ ಮಕ್ಕಳನ್ನು. ಹಳ್ಳಿಯವರು, ಓದದವರು, ಕೊಳೆಗೇರಿಯವರು, ಆ ಜಾತಿಯವರು, ಈ ಧರ್ಮದವರು. ಹೀಗೆ ಬೆರಳು ಸುತ್ತುತ್ತಲೇ ಇರುತ್ತದೆ, ಎಣಿಸುವವನ ಮನೆಯ ಕಡೆಗೆ ಮಾತ್ರ ತಿರುಗುವುದಿಲ್ಲ.

ಕರೆಂಟಿನ ಜೋಕಿನಲ್ಲಿ ಒಂದು ಎಳೆ ನಿಜವೂ ಇದೆಯೆಂಬುದು ಇನ್ನೂ ತಮಾಷೆ. ನಮ್ಮ ಹಳ್ಳಿಗಳಿಗೆ ಕೇಬಲ್ ಟಿವಿ ಬಂದಾಗ ಏನಾಯಿತೆಂದು ರಾಬರ್ಟ್ ಜೆನ್ಸನ್ ಮತ್ತು ಎಮಿಲಿ ಆಸ್ಟರ್ ಎಂಬ ಅರ್ಥಶಾಸ್ತ್ರಜ್ಞರು ಮಾಡಿದ ಅಧ್ಯಯನ 2009ರಲ್ಲಿ ಪ್ರಕಟವಾಗಿದೆ. ಕೇಬಲ್ ಬಂದ ಊರುಗಳಲ್ಲಿ ಹೆರಿಗೆಗಳು ಕಡಿಮೆಯಾದದ್ದು ಹೌದು. ಅದರ ಜೊತೆಗೇ ಗಂಡ ಹೊಡೆಯುವುದು ಸರಿ ಎನ್ನುವ ಹೆಂಗಸರೂ ಕಡಿಮೆಯಾದರು, ಮನೆಯ ವ್ಯವಹಾರದಲ್ಲಿ ಅವರ ಮಾತು ನಡೆಯುವುದೂ ಹೆಚ್ಚಿತು. ಬದಲಾದದ್ದು ಹೆಂಗಸಿನ ಸ್ಥಿತಿ. ಅದನ್ನು ಹೇಳಿದರೆ ಯಾರೂ ಹೊಟ್ಟೆ ಹಿಡಿದು ನಗುವುದಿಲ್ಲ ನೋಡಿ.

ಈಗ ನನ್ನ ಮನೆಯ ಲೆಕ್ಕವನ್ನೇ ಒಪ್ಪಿಸುತ್ತೇನೆ. ನಮ್ಮ ಕಡೆ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನದ ಪಕ್ಕದಲ್ಲಿ ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಎಂದು ಬರೆದಿರುತ್ತಿದ್ದ ಕಾಲದಲ್ಲಿ ನನ್ನ ಅವ್ವ ಹಡೆದದ್ದು ಮೂವರು ಹೆಣ್ಣುಮಕ್ಕಳನ್ನು. ಕೀರ್ತಿ ಬರಬೇಕಾಗಿದ್ದ ಜಾಗದಲ್ಲಿ ಬಂದ ಮೂರನೆಯ ಆರತಿ ನಾನು. ಗೈಡಿನ ಭಾಷೆಯಲ್ಲಿ ಹೇಳುವುದಾದರೆ ‘ಗಂಡುಮಗುವಿನ ಹಂಬಲ’ ಎಂಬ ಐದನೆಯ ಕಾರಣದ ಜೀವಂತ ಉದಾಹರಣೆ. ಇಷ್ಟಾದರೂ ಇಂದು ಆ ಜೋಕಿಗೆ ಮೊದಲು ನಕ್ಕವರಲ್ಲಿ ನಾನೂ ಒಬ್ಬಳು ಎಂಬುದನ್ನು ಬರೆಯದೆ ಹೋದರೆ ಈ ಬರಹವೆಲ್ಲ ಬೂಟಾಟಿಕೆಯಾಗುತ್ತದೆ. ನಕ್ಕಿದ್ದು ಅಭ್ಯಾಸಬಲದಿಂದ, ಬಸ್ಸಿನಲ್ಲಿ ಬರುವಾಗ ಬಾಯಿ ಕಹಿಯಾಯಿತು.

ನಾನು ಹುಟ್ಟಿದ ಮೇಲೆ ಅಪ್ಪನಿಗೂ ನೆಂಟರಿಗೂ ‘ಇನ್ನೊಂದು ನೋಡೋಣ’ ಎಂಬ ಆಸೆಯಿತ್ತಂತೆ. ಅಪ್ಪ ಹೈಸ್ಕೂಲು ಮಾಸ್ತರರು, ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸುತ್ತಿದ್ದವರು, ಬಹುಶಃ ಇದೇ ಐದು ಕಾರಣಗಳನ್ನು ಬೋರ್ಡಿನ ಮೇಲೆ ಬರೆಸಿದವರು. ತಡೆದದ್ದು ಹೆಬ್ಬೆಟ್ಟಿನ ನನ್ನ ಅಜ್ಜಿ. ‘ಮೂರು ಅದಾವಲ್ಲ, ಮತ್ತೇನು ಬೇಕು? ಆಕೀ ಮೈಯಾಗ ರಕ್ತ ಎಲ್ಲೈತಿ?’ ಎಂದು ಮಗನ ಬಾಯಿ ಮುಚ್ಚಿಸಿ, ಸೊಸೆಯನ್ನು ಆಪರೇಷನ್ನಿಗೆ ತಾನೇ ಕರೆದುಕೊಂಡು ಹೋಗಿದ್ದಳು. ಅಜ್ಜಿ ಒಂಬತ್ತು ಹಡೆದವಳು, ಉಳಿದದ್ದು ಆರು. ‘ನನಗ ಲೆಕ್ಕ ಬರೂದಿಲ್ಲ, ಆದ್ರ ಹೋದ ಮೂರು ಬರೋಬರಿ ನೆನಪದಾವು’ ಎನ್ನುತ್ತಿದ್ದಳು. 1971ರಲ್ಲಿ ಈ ದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 129 ಕೂಸುಗಳು ವರ್ಷ ತುಂಬುವ ಮೊದಲೇ ಹೋಗುತ್ತಿದ್ದವು, 2020ರ ಹೊತ್ತಿಗೆ ಅದು 28ಕ್ಕೆ ಇಳಿಯಿತು. ಹುಟ್ಟಿದ್ದು ಉಳಿಯುತ್ತದೆ ಎಂಬ ಭರವಸೆ ಬಂದ ಮೇಲೆ ಹೆತ್ತವರೇ ಹೆರುವುದನ್ನು ಕಡಿಮೆ ಮಾಡಿದರು ಎಂಬ ಈ ಸರಳ ಸಂಗತಿಗೆ ಗೈಡಿನ ಉತ್ತರದಲ್ಲಿ ಅರ್ಧ ಸಾಲಿನ ಜಾಗವೂ ಇಲ್ಲ. ಹೋದ ಮೂರನ್ನು ಬಿಟ್ಟು ಬರೆದ ಉತ್ತರಕ್ಕೆ ಎಂಟು ಅಂಕ.

ಆಪರೇಷನ್ನಿನ ಮಾತು ಬಂದದ್ದರಿಂದ ಇನ್ನೊಂದು. ನಾನು ಉತ್ತರದಲ್ಲಿ ಬರೆದ ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿರುವ ವಿವಾಹಿತ ಮಹಿಳೆಯರು ನೂರಕ್ಕೆ 37.9, ಗಂಡನಿಗೆ ಆ ಶಸ್ತ್ರಚಿಕಿತ್ಸೆಯಾಗಿರುವವರು ನೂರಕ್ಕೆ 0.3. ತುರ್ತುಪರಿಸ್ಥಿತಿಯ ಕಾಲದ ಬಲವಂತದ ಸಂತಾನಹರಣದ ಹೆದರಿಕೆ ಗಂಡಸರಿಗೆ ಇನ್ನೂ ಬಿಟ್ಟಿಲ್ಲ ಎಂದು ಪುಸ್ತಕಗಳು ಬಹಳ ಮರುಕದಿಂದ ವಿವರಿಸುತ್ತವೆ. ಐವತ್ತು ವರ್ಷ ಹಳೆಯ ಹೆದರಿಕೆಗೆ ಇಷ್ಟು ಆಯುಷ್ಯವೇ? ಹಡೆದವರು ಹೆಂಗಸರು, ಕೊಯ್ಯಿಸಿಕೊಂಡವರು ಹೆಂಗಸರು, ಜೋಕು ಹೇಳಿ ನಗುವವರು ಮಾತ್ರ ಉಳಿದವರು.

‘ಅದೆಲ್ಲ ಸರಿ, ಒಮ್ಮೆ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತು ಮಾತಾಡು’ ಎಂದು ಬೆಂಗಳೂರಿನ ಗೆಳೆಯರು ಕೆಳಗೆ ಬರೆಯಲಿದ್ದೀರಿ ಎಂಬುದು ನನಗೆ ಗೊತ್ತು. ಜನ ಹೆಚ್ಚುತ್ತಿದ್ದಾರೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. 1951ರಲ್ಲಿ 36 ಕೋಟಿ ಇದ್ದವರು 2011ರಲ್ಲಿ 121 ಕೋಟಿ ಆದೆವು. ಹಿಂದೆ ಹುಟ್ಟಿದವರು ಈಗ ಹೆರುವ ವಯಸ್ಸಿನಲ್ಲಿ ದೊಡ್ಡ ಸಂಖ್ಯೆಯಲ್ಲಿರುವುದರಿಂದ, ಮನೆಗೆ ಎರಡೇ ಮಕ್ಕಳಾದರೂ ಒಟ್ಟು ಮೊತ್ತ ಇನ್ನು ಕೆಲವು ದಶಕ ಏರುತ್ತದೆ. ಆದರೆ ಸಿಲ್ಕ್ ಬೋರ್ಡಿನ ಜನಜಂಗುಳಿ ಹೆರಿಗೆ ವಾರ್ಡಿನಿಂದ ನೇರವಾಗಿ ಬಂದದ್ದಲ್ಲ ಸ್ವಾಮಿ, ಅದು ಹಾವೇರಿ, ಕಲಬುರಗಿ, ಬಿಹಾರಗಳಿಂದ ಕೆಲಸ ಹುಡುಕಿಕೊಂಡು ಬಂದದ್ದು, ಮತ್ತು ನೀವು ಒಬ್ಬೊಬ್ಬರೇ ಕುಳಿತು ಓಡಿಸುವ ಕಾರು ನಾಲ್ಕು ಜನರ ಜಾಗ ಹಿಡಿಯುತ್ತದೆ. ಇದರಾಚೆಗೆ ಆ ವಾದಕ್ಕೆ ಉತ್ತರ ಕೊಡುವಷ್ಟು ತಾಳ್ಮೆ ಈ ರಾತ್ರಿ ನನಗಿಲ್ಲ.

ಮುಂದಿನ ಘಟಕ ‘ಸಂತೋಷದ ಅರ್ಥಶಾಸ್ತ್ರ’. ಆದಾಯ ಹೆಚ್ಚಿದಷ್ಟೂ ದೇಶದ ಸಂತೋಷ ಹೆಚ್ಚುತ್ತಾ ಹೋಗುವುದಿಲ್ಲವೆಂದು 1974ರಲ್ಲಿ ಬರೆದ ಅರ್ಥಶಾಸ್ತ್ರಜ್ಞ ರಿಚರ್ಡ್ ಈಸ್ಟರ್ಲಿನ್, ದಂಪತಿಗಳು ಎಷ್ಟು ಮಕ್ಕಳನ್ನು ಯಾಕೆ ಹೆರುತ್ತಾರೆ ಎಂಬುದರ ಮೇಲೂ ಜೀವಮಾನವಿಡೀ ಕೆಲಸ ಮಾಡಿದವರು. ಆ ಎರಡನ್ನೂ ಒಂದೇ ತಲೆ ಯೋಚಿಸಿತ್ತು. ನಮ್ಮ ಪಠ್ಯ ಮಾತ್ರ ಎರಡು ಘಟಕ ಮಾಡಿ ನಡುವೆ ಗೋಡೆ ಕಟ್ಟಿದೆ. ವಿಶ್ವ ಸಂತೋಷ ವರದಿಯಲ್ಲಿ 2018ರಿಂದ 2025ರವರೆಗೂ ಫಿನ್ಲೆಂಡೇ ಮೊದಲು ಎಂದು ಪಾಠವಾದೊಡನೆ ಹಿಂದಿನ ಬೆಂಚಿನಿಂದ ಒಬ್ಬ, ‘ಅಲ್ಲಿ ಬೆಂಗಳೂರಿನಷ್ಟೂ ಜನ ಇಲ್ಲವಲ್ಲ ಸರ್, ಅದಕ್ಕೇ ಸುಖ’ ಎಂದ. ಮತ್ತೆ ನಗೆ. ಜನ ಕಡಿಮೆಯಾದರೆ ಸುಖವೆನ್ನುವುದಾದರೆ, ಒಬ್ಬ ಮಹಿಳೆಗೆ ಸರಾಸರಿ 1.3ರ ಆಸುಪಾಸಿಗೆ ಇಳಿದ ಜನನವನ್ನು ಕಂಡು ಫಿನ್ಲೆಂಡಿನವರು ಚಿಂತೆಗೆ ಬಿದ್ದಿರುವುದೇಕೆ? 2023ರಲ್ಲಿ 0.72ಕ್ಕೆ ಕುಸಿದ ದಕ್ಷಿಣ ಕೊರಿಯಾ ಆ ಸಂತೋಷದ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಇರಬೇಕಿತ್ತಲ್ಲವೇ? ಕೇಳಬೇಕೆಂದು ಕೈ ಎತ್ತಿದೆ. ಅಷ್ಟರಲ್ಲಿ ಬೆಲ್ ಹೊಡೆಯಿತು.

ಬರುವ ಸೋಮವಾರ ಸೆಮಿಸ್ಟರ್ ಪರೀಕ್ಷೆ. ಇದೇ ಪ್ರಶ್ನೆ ಬರುವುದು ಖಚಿತ, ನನಗೆ ಅಂಕ ಬೇಕಾಗಿರುವುದೂ ಅಷ್ಟೇ ಖಚಿತ, ಆದ್ದರಿಂದ ಇಷ್ಟೆಲ್ಲ ಬರೆದ ನಾನು ಅಂದು ಗೈಡಿನ ಉತ್ತರವನ್ನೇ ಬರೆಯಲಿದ್ದೇನೆ. ಮೊದಲನೆಯ ಕಾರಣ ‘ಅನಕ್ಷರತೆ’ ಎಂದು ಬರೆದು ಸ್ಕೇಲು ಹಿಡಿದು ಅಡಿಗೆರೆ ಎಳೆಯುವಾಗ ಅಜ್ಜಿಯ ಮುಖ ನೆನಪಾಗದಿದ್ದರೆ ಸಾಕು.