ಮನೆಯನ್ನೇ ಹೊತ್ತು ತರುವವರು ಮನೆ ಬಿಟ್ಟು ಬರುವುದೇಕೆ?

ಅಮೆರಿಕದ ನೆವಾಡ ರಾಜ್ಯದಲ್ಲಿ, ಹಳೆಯ ಸೇನಾ ಕೋಟೆಯೊಂದರ ಅವಶೇಷವಿರುವ ಫೋರ್ಟ್ ಚರ್ಚಿಲ್ ಉದ್ಯಾನದಲ್ಲಿ ನಾವು ಡೇರೆ ಹಾಕಿದ್ದು ಕಾರ್ಸನ್ ನದಿಯ ದಂಡೆಯ ಕಾಟನ್‌ವುಡ್ ಮರಗಳ ಕೆಳಗೆ, ನಕ್ಷತ್ರ ನೋಡಲೆಂದು. ನೋಡಿದ್ದು ಪಕ್ಕದವರ ಬಿಳಿ ದೀಪ. ಬಸ್ಸಿನಷ್ಟು ಉದ್ದದ ವಾಹನ, ಅದರೊಳಗೆ ಟೀವಿ, ಹೊರಗೆ ದೀಪದ ಸರಮಾಲೆ, ಇವಕ್ಕೆಲ್ಲ ಉಸಿರು ಕೊಡಲು ಒಂದು ಜನರೇಟರ್! ರಾತ್ರಿ ಸದ್ದು ಮಾಡಬಾರದೆಂಬ ಫಲಕದ ಬುಡದಲ್ಲೇ ಅದನ್ನು ಇಟ್ಟಿದ್ದರು. ಹೊಗೆ ನೆಟ್ಟಗೆ ನಮ್ಮ ಡೇರೆಯೊಳಕ್ಕೆ. ಹೋಗಿ ಕೇಳಿದರೆ, "ಇನ್ನೊಂದು ಅರ್ಧ ಗಂಟೆ ಅಷ್ಟೆ, ಸ್ವಲ್ಪ ಹೊಂದಿಕೊಳ್ಳಿ" ಎಂಬ ಉಪದೇಶ. ಆ ಅರ್ಧ ಗಂಟೆ ನಡುರಾತ್ರಿ ದಾಟಿದರೂ ಮುಗಿಯಲಿಲ್ಲ.

ಬೆಳಗ್ಗೆ ಆ ಮನೆಯಾಕೆ ಬಾಣಲೆಯ ಜಿಡ್ಡನ್ನು ನದಿಗೆ ಸುರಿಯುತ್ತಿದ್ದರು. "ಹರಿಯುವ ನೀರಲ್ಲವೇ, ಸಮುದ್ರಕ್ಕೆ ಹೋಗುತ್ತದೆ" ಎಂದರು. ಯಾವ ಸಮುದ್ರ ತಾಯಿ? ಸಿಯೆರಾ ನೆವಾಡ ಪರ್ವತಗಳಲ್ಲಿ ಹುಟ್ಟುವ ಈ ನದಿ ಮರುಭೂಮಿಯ ತಗ್ಗಿನಲ್ಲೇ ಇಂಗಿ ಹೋಗುತ್ತದೆ. ಇಲ್ಲಿ ಸುರಿದದ್ದು ಇಲ್ಲೇ ಉಳಿಯುತ್ತದೆ. ಕಾಮ್‌ಸ್ಟಾಕ್ ಗಣಿಗಳ ಅದಿರಿನಿಂದ ಬೆಳ್ಳಿ ತೆಗೆಯಲು 19ನೇ ಶತಮಾನದಲ್ಲಿ ಬಳಸಿದ ಪಾದರಸ ಇಂದಿಗೂ ಇದರ ಕೆಸರಿನಲ್ಲಿದೆ. ಇಲ್ಲಿನ ಮೀನು ತಿನ್ನಬೇಡಿ ಎಂದು ಎಚ್ಚರಿಸುವುದು ಸುಮ್ಮನೆ ಅಲ್ಲ.

ಇಷ್ಟನ್ನಾದರೂ ಸಹಿಸಬಹುದಿತ್ತೇನೋ. ಆದರೆ ಅವರ ಇಬ್ಬರು ಹುಡುಗರು ಕೋಟೆಯ ಗೋಡೆ ಹತ್ತಿ ಕುಳಿತಾಗ ನನ್ನ ಪಿತ್ತ ನೆತ್ತಿಗೇರಿತು. 1860ರಲ್ಲಿ ಮೂಲನಿವಾಸಿ ಪೈಯೂಟರಿಗೂ ಬಿಳಿಯ ವಲಸಿಗರಿಗೂ ನಡೆದ ಪಿರಮಿಡ್ ಸರೋವರದ ಯುದ್ಧದ ಬೆನ್ನಿಗೇ ಸೇನೆ ಕಟ್ಟಿಸಿದ ಗೋಡೆಗಳವು. ಸುಡದ ಮಣ್ಣಿನ ಇಟ್ಟಿಗೆ, ಬಿಸಿಲಿನಲ್ಲಿ ಒಣಗಿಸಿದ್ದು ಅಷ್ಟೆ. 1869ರಲ್ಲಿ ಸೇನೆ ಬಿಟ್ಟುಹೋಯಿತು. ಸ್ಯಾಮ್ಯುಯೆಲ್ ಬಕ್‌ಲ್ಯಾಂಡ್ ಎಂಬಾತ ಹರಾಜಿನಲ್ಲಿ 750 ಡಾಲರಿಗೆ ಕಟ್ಟಡಗಳನ್ನು ಕೊಂಡು, ಬೇಕಾದ ಸಾಮಾನನ್ನು ಕಿತ್ತು ತನ್ನ ಮನೆಗೆ ಬಳಸಿಕೊಂಡ. ಅಂದಿನಿಂದ ಸೂರಿಲ್ಲದೆ ಮಳೆಗಾಳಿಗೆ ಮೈಯೊಡ್ಡಿ ನಿಂತ ಗೋಡೆ ಹುಡುಗರ ಬೂಟಿಗೆ ಎಷ್ಟು ತಡೆದೀತು? ಹಿಮ್ಮಡಿ ಒತ್ತಿದಲ್ಲೆಲ್ಲ ಮಣ್ಣು ಪುಡಿಪುಡಿಯಾಗಿ ಉದುರುತ್ತಿತ್ತು, ಅದರ ಜೊತೆಗೆ ಹುಲ್ಲಿನ ಎಳೆಗಳೂ. ತಂದೆ ಕೆಳಗೆ ನಿಂತು, "ಇನ್ನೂ ಸ್ವಲ್ಪ ಮೇಲಕ್ಕೆ" ಎಂದು ಫೋಟೊ ತೆಗೆಯುತ್ತಿದ್ದ!

ಇಳಿಸಿ ಎಂದೆ. "ಹೇಗೂ ಪಾಳು ಬಿದ್ದದ್ದಲ್ಲವೇ?" ಎಂದು ನಕ್ಕ. ಪಾಳು ಬಿದ್ದದ್ದನ್ನು ಅಷ್ಟಕ್ಕೇ ನಿಲ್ಲಿಸಲೆಂದೇ ಇಲ್ಲಿನ ಸಿಬ್ಬಂದಿ ಹೆಣಗುತ್ತಾರೆ ಎಂದು ವಿವರಿಸಿದೆ; ಅವನು ಫೋಟೊ ಸರಿಯಾಗಿ ಬಂತೇ ಎಂದು ಪರದೆ ನೋಡುತ್ತಿದ್ದ. ಹೊರಡುವಾಗ ಕೈ ಬೀಸಿ, ಬರುವ ವರ್ಷ ನೆಂಟರ ಇನ್ನೆರಡು ಗಾಡಿಗಳೂ ಜೊತೆಗೆ ಬರುತ್ತವೆ ಎಂದು ಖುಷಿಯಿಂದ ಹೇಳಿ ಹೋದ.